ಬಾರದ ವಾಸನೆಯ ಲೆಕ್ಕ

ತ್ಯಾಜ್ಯನೀರು ಸಂಸ್ಕರಣಾ ಘಟಕವೊಂದರ ಸಮೀಪದಲ್ಲಿ ವಾಸಿಸುವ ನಾನು ದಿನಕ್ಕೆ ಎರಡು ಬಾರಿ ಮಹಡಿಯ ಮೇಲೆ ಹೋಗಿ ಗಾಳಿಯನ್ನು ಮೂಸಿ, ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯುತ್ತೇನೆ: ಸಮಯ, ಗಾಳಿಯ ದಿಕ್ಕು, ವಾಸನೆಯ ಬಗೆ, ತೀವ್ರತೆಗೆ 0ಯಿಂದ 6ರೊಳಗೆ ಒಂದು ಅಂಕ. ಮೊದಮೊದಲು ನಾತ ಬಂದ ದಿನಗಳನ್ನಷ್ಟೇ ದಾಖಲಿಸುತ್ತಿದ್ದೆ. ಘಟಕದ ಎಂಜಿನಿಯರೊಬ್ಬರು ಪುಟಗಳನ್ನು ತಿರುವಿ, "ಉಳಿದ ದಿನಗಳಲ್ಲಿ ವಾಸನೆ ಬರಲಿಲ್ಲವೋ, ನೀವೇ ಊರಲ್ಲಿರಲಿಲ್ಲವೋ?" ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆ ಚುಚ್ಚಿತು, ಆದರೆ ಅದು ಸರಿಯಾದ ಪ್ರಶ್ನೆಯೇ ಆಗಿತ್ತು. ಎಷ್ಟು ಬಾರಿ ಮೂಸಿದೆವೆಂಬುದು ಗೊತ್ತಿಲ್ಲದಿದ್ದರೆ ಎಷ್ಟು ಬಾರಿ ನಾತ ಬಂತೆಂಬ ಸಂಖ್ಯೆಗೆ ಬೆಲೆಯಿಲ್ಲ.

ಯುರೋಪಿನಲ್ಲಿ 2016ರಲ್ಲಿ ಬಂದ ಇಎನ್ 16841 ಎಂಬ ಮಾನದಂಡ ಇದನ್ನೇ ಕಟ್ಟುನಿಟ್ಟಾಗಿ ಮಾಡುತ್ತದೆ. ಪರೀಕ್ಷಿಸಿ ಆರಿಸಿದ ವೀಕ್ಷಕರು ನಿಗದಿತ ಸ್ಥಳದಲ್ಲಿ 10 ನಿಮಿಷ ನಿಂತು, ಪ್ರತಿ 10 ಸೆಕೆಂಡಿಗೊಮ್ಮೆ ಮೂಸಿ, ಇದೆ ಅಥವಾ ಇಲ್ಲ ಎಂದು ಗುರುತು ಹಾಕುತ್ತಾರೆ. ಒಟ್ಟು 60 ಗುರುತುಗಳಲ್ಲಿ ಕನಿಷ್ಠ 6 'ಇದೆ' ಎಂದಾದರೆ ಆ 10 ನಿಮಿಷ ಸೇರಿದ ಇಡೀ ಗಂಟೆಯನ್ನು ವಾಸನೆಯ ಗಂಟೆ ಎಂದು ಪರಿಗಣಿಸುತ್ತಾರೆ. ಮಿಕ್ಕ 'ಇಲ್ಲ'ಗಳೂ ಹಾಳೆಯಲ್ಲಿ ಹಾಗೆಯೇ ಉಳಿಯುತ್ತವೆ.

ಉಪಕರಣಗಳಿರುವಾಗ ಮೂಗೇಕೆ ಎಂದು ಹಲವರು ಕೇಳುತ್ತಾರೆ. ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ನೂರು ಕೋಟಿ ಭಾಗ ಗಾಳಿಯಲ್ಲಿ ಕೆಲವೇ ಭಾಗಗಳಷ್ಟಿದ್ದರೂ ಮನುಷ್ಯರ ಮೂಗು ಅದನ್ನು ಹಿಡಿಯುತ್ತದೆ. ಕೆಲಸಗಾರರ ಸುರಕ್ಷತೆಗಾಗಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಸಾಮಾನ್ಯ ಮೀಟರು ಆ ಮಟ್ಟದಲ್ಲಿ ಸೊನ್ನೆಯನ್ನೇ ತೋರಿಸುತ್ತದೆ. ಕೊಳೆತ ಎಲೆಕೋಸಿನಂತೆ ನಾರುವ ಮೀಥೈಲ್ ಮರ್ಕ್ಯಾಪ್ಟನ್, ಮಲದ ವಾಸನೆಯ ಸ್ಕ್ಯಾಟೋಲ್ ಮುಂತಾದವು ಆ ಮೀಟರಿನ ಲೆಕ್ಕದಲ್ಲೇ ಇಲ್ಲ. ಹಾಗೆಂದು ಮೂಗನ್ನು ಪೂರ್ತಿ ನಂಬುವಂತಿಲ್ಲ. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ನಿಂತರೆ ಅದು ಒಗ್ಗಿಹೋಗುತ್ತದೆ, ಆದ್ದರಿಂದ ನಾನು ಮೇಲೆ ಹೋದ ಕೂಡಲೇ ಅಂಕ ಬರೆದುಬಿಡುತ್ತೇನೆ. (ಮುಚ್ಚಿದ ಗುಂಡಿಯೊಳಗೆ ಹೈಡ್ರೋಜನ್ ಸಲ್ಫೈಡ್ ಹತ್ತು ಲಕ್ಷಕ್ಕೆ ನೂರು ಭಾಗದಷ್ಟಾದರೆ ಘ್ರಾಣಶಕ್ತಿಯೇ ಸತ್ತುಹೋಗುತ್ತದೆ, ವಾಸನೆಯಿಲ್ಲವೆಂದು ಇಳಿದವರು ಪ್ರಾಣ ಕಳೆದುಕೊಳ್ಳುವುದು ಹೀಗೆ.)

ನನ್ನ ನೋಟ್‌ಬುಕ್ಕಿನಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ಬಗೆಯ ಕಾಲಂ. ಕೊಳವೆಯಲ್ಲಿ ಕೊಳಚೆ ನೀರು ಬಹಳ ಹೊತ್ತು ನಿಂತರೆ ಒಳಗೋಡೆಯ ಲೋಳೆಯಲ್ಲಿರುವ ಬ್ಯಾಕ್ಟೀರಿಯಾಗಳು ಆಮ್ಲಜನಕವಿಲ್ಲದೆ ಸಲ್ಫೇಟನ್ನು ಸಲ್ಫೈಡ್ ಆಗಿಸುತ್ತವೆ, ಆ ನೀರು ಘಟಕದ ಬಾಯಿಯಲ್ಲಿ ಧುಮುಕುವಾಗ ಕರಗಿದ್ದ ಅನಿಲ ಹೊರಬೀಳುತ್ತದೆ. ಮೊಟ್ಟೆಯ ನಾತ ಸಾಮಾನ್ಯವಾಗಿ ಅಲ್ಲಿಂದ. ಗಾಳಿ ಊದುವ ತೊಟ್ಟಿಗಳಿಂದ ಬರುವುದು ಹಸಿ ಮಣ್ಣಿನಂಥ ಮುಗ್ಗಲು ವಾಸನೆ, ಅದರ ಬಗ್ಗೆ ಯಾರ ತಕರಾರೂ ಇಲ್ಲ. ಕೆಸರಿನ ನೀರು ಹಿಂಡುವ ಯಂತ್ರದ ಕಡೆಯದು ಬೇರೆಯೇ, ಮೂಗಿಗಿಂತ ಹೆಚ್ಚಾಗಿ ಗಂಟಲಿಗೆ ಅಡರುವಂಥದ್ದು. ಬರೀ 'ದುರ್ವಾಸನೆ' ಎಂದು ಬರೆದ ದೂರಿನಿಂದ ಇವು ಯಾವುವೂ ಬೇರ್ಪಡುವುದಿಲ್ಲ.

ದಿಕ್ಕಿಗಾಗಿ ಮಹಡಿಯ ಕಂಬಕ್ಕೊಂದು ತೆಳು ರಿಬ್ಬನ್ ಕಟ್ಟಿದ್ದೇನೆ. ಅದು ಪಟಪಟಿಸುವಷ್ಟು ಗಾಳಿಯಿದ್ದಾಗ, ಘಟಕದ ಕಡೆಯಿಂದಲೇ ಬೀಸುತ್ತಿದ್ದರೂ, ನನ್ನ ಅಂಕ 2ನ್ನು ದಾಟಿದ್ದು ಅಪರೂಪ. 4 ಮತ್ತು 5 ಬಂದ ಸಾಲುಗಳೆಲ್ಲವೂ ಟಾರ್ಚಿನ ಬೆಳಕಿನಲ್ಲಿ ರಿಬ್ಬನ್ ನೇರವಾಗಿ ಇಳಿಬಿದ್ದು ಕಂಡ ರಾತ್ರಿಗಳವು. ಆಕಾಶ ತಿಳಿಯಾಗಿರುವ ರಾತ್ರಿ ನೆಲ ಬೇಗ ತಣಿದು ತಂಪು ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ಉಳಿಯುವುದರಿಂದ ಎರಡೂ ಬೆರೆಯುವುದಿಲ್ಲ. ನಾತ ಮೇಲೇರದೆ ತಗ್ಗು ಹಿಡಿದು ನಿಧಾನವಾಗಿ ಹರಿದುಬರುತ್ತದೆ. ತಪಾಸಣೆಗೆ ಬಂದವರು ಹಗಲು ಹನ್ನೊಂದು ಗಂಟೆಗೆ ನಿಂತು ಏನೂ ಇಲ್ಲವೆಂದು ಬರೆದುಕೊಂಡು ಹೋದದ್ದರಲ್ಲಿ ಸುಳ್ಳಿರಲಿಲ್ಲ, ಅವರು ಬಂದ ಹೊತ್ತು ಸರಿಯಿರಲಿಲ್ಲ.

ಸೊನ್ನೆಗಳನ್ನೂ ಸೇರಿಸಿ ಬರೆದ ಪುಟಗಳನ್ನು ಅದೇ ಎಂಜಿನಿಯರ್ ತಮ್ಮ ಪಂಪುಗಳ ದಾಖಲೆಯ ಪಕ್ಕದಲ್ಲಿಟ್ಟು ನೋಡಿದರು. ನೀರು ಧುಮುಕುವ ಗುಂಡಿಗೆ ಈಗ ಮುಚ್ಚಳ ಬಂದಿದೆ. ನಿನ್ನೆಯ ಸಾಲು ಹೀಗಿದೆ: ರಾತ್ರಿ 9.40, ಆಕಾಶ ತಿಳಿ, ರಿಬ್ಬನ್ ಅಲುಗಿಲ್ಲ, 0.