ರೆಡ್ ಆಕ್ಸೈಡ್ ನೆಲದ ಮೇಲೆ ಎಸ್‌ಪಿಸಿ ಹಲಗೆ: ಹಾಸುವ ಮೊದಲಿನ ಕೆಲಸದ ದಾಖಲೆ

ಮೈಸೂರಿನ ಹಳೆಯ ಹೆಂಚಿನ ಮನೆ, ನೆಲಮಹಡಿಯ ಕೋಣೆ, 10 ಅಡಿಗೆ 12 ಅಡಿ. ಈಗಿರುವುದು ರೆಡ್ ಆಕ್ಸೈಡ್ ನೆಲ. ಮೇಲೆ ಬರಬೇಕಾದದ್ದು ಕ್ಲಿಕ್ ಜೋಡಣೆಯ, ಅಂದರೆ ಅಂಚಿಗೆ ಅಂಚು ಸಿಕ್ಕಿಸುವ ಎಸ್‌ಪಿಸಿ ಹಲಗೆ, ತಳಕ್ಕೆ ಅಂಟಿಸಿಯೇ ಬರುವ ಫೋಮ್ ಸೇರಿ 5 ಮಿ.ಮೀ. ದಪ್ಪ. ಕಲ್ಲಿನ ಪುಡಿಗೆ ಪಿವಿಸಿ ಸೇರಿಸಿ ಮಾಡುವ ಈ ಹಲಗೆ ಗಟ್ಟಿ, ನೀರಿಗೂ ಜಗ್ಗುವುದಿಲ್ಲ. ಆದರೆ ಕೆಳಗಿನ ಉಬ್ಬುತಗ್ಗನ್ನು ನುಂಗಿಕೊಳ್ಳುವ ಗುಣ ಅದಕ್ಕಿಲ್ಲ. ಅಡಿಯಲ್ಲಿ ಟೊಳ್ಳು ಉಳಿದರೆ ಕಾಲಿಟ್ಟಾಗಲೆಲ್ಲ ಹಲಗೆ ಬಾಗಿ ಏಳುತ್ತದೆ. ಕ್ಲಿಕ್ ಅಂಚಿನ ನಾಲಿಗೆ ತೀರ ತೆಳ್ಳಗಿರುವುದರಿಂದ ಮೊದಲು ಮುರಿಯುವುದು ಅದೇ. ಆಮೇಲೆ ಒಂದು ಹಲಗೆ ಬದಲಿಸಲು ಗೋಡೆಯ ತನಕ ಸಾಲುಸಾಲೇ ಬಿಚ್ಚಬೇಕು. ತಯಾರಕರು ಸಾಮಾನ್ಯವಾಗಿ ಕೇಳುವ ಮಿತಿ: 2 ಮೀಟರ್ ಉದ್ದದ ನೇರ ಪಟ್ಟಿಯನ್ನು ನೆಲದ ಮೇಲಿಟ್ಟರೆ ಅದರಡಿ 3 ಮಿ.ಮೀ.ಗಿಂತ ಹೆಚ್ಚು ಸಂದು ಕಾಣಬಾರದು.

ಗಟ್ಟಿಯಾಗಿ ಕೂತಿರುವ ರೆಡ್ ಆಕ್ಸೈಡ್ ನೆಲವನ್ನು ಮುಚ್ಚಬಾರದು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಅಂಥ ನೆಲ ಮಾಡುವ ಗಾರೆ ಕೆಲಸದವರು ಈಗ ಸಿಗುವುದೇ ಕಷ್ಟ. ಈ ಕೋಣೆಯಲ್ಲಿ ಸುಮಾರು ಮೂರನೇ ಒಂದು ಭಾಗ ಬುಡದಿಂದ ಬಿಟ್ಟುಕೊಂಡಿತ್ತು, ಅದಕ್ಕಾಗಿ ಮಾತ್ರ ಈ ದಾರಿ. ಪಕ್ಕದ ಕೋಣೆಯ ನೆಲವನ್ನು ಮುಟ್ಟಿಲ್ಲ.

ತಟ್ಟಿ ನೋಡುವುದು

ಮೊದಲ ಉಪಕರಣ ಸುತ್ತಿಗೆಯ ಮರದ ಹಿಡಿ. ಅರ್ಧ ಅಡಿಗೊಂದು ಕಡೆ ತಟ್ಟುತ್ತ ಹೋಗಿ, ಡಬ್ ಡಬ್ ಎಂದು ಟೊಳ್ಳು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದಿಂದ ಗೆರೆ ಹಾಕಬೇಕು. ಬಣ್ಣ ಚೆನ್ನಾಗಿದೆ, ಬಿರುಕಿಲ್ಲ ಎಂದು ಬಿಡುವಂತಿಲ್ಲ. ಮೇಲಿನ ಆಕ್ಸೈಡ್ ಪದರ ಅಖಂಡವಾಗಿದ್ದರೂ ಅಡಿಯ ಗಾರೆಯಿಂದ ಅದು ಕಳಚಿಕೊಂಡಿರಬಹುದು. ನೆಲವನ್ನು ಮಟ್ಟ ಮಾಡಲು ಕೊನೆಗೆ ಸುರಿಯುವ ಸಿಮೆಂಟಿನ ತೆಳು ದ್ರವ, ಲೆವೆಲಿಂಗ್ ಕಾಂಪೌಂಡ್, ಒಣಗುವಾಗ ಕುಗ್ಗುತ್ತದೆ, ಹಾಗೆ ಕುಗ್ಗುವಾಗ ಕೆಳಗಿನ ಪದರವನ್ನು ಎಳೆಯುತ್ತದೆ. ಸಡಿಲ ಪದರದ ಮೇಲೆ ಸುರಿದರೆ ಅದನ್ನೂ ಕಿತ್ತುಕೊಂಡು ತಾನೂ ಏಳುತ್ತದೆ.

ಗುರುತು ಹಾಕಿದ ಭಾಗದ ಅಂಚನ್ನು ಆಂಗಲ್ ಗ್ರೈಂಡರ್‌ನಿಂದ ನೇರ ಗೆರೆಯಲ್ಲಿ 8 ರಿಂದ 10 ಮಿ.ಮೀ. ಆಳ ಕೊಯ್ದು, ಒಳಗಿನದನ್ನು ಉಳಿ ಸುತ್ತಿಗೆಯಿಂದ ಎಬ್ಬಿಸಿದ್ದಾಯಿತು. ಕೊಯ್ಯದೆ ಸುಮ್ಮನೆ ಒಡೆದರೆ ಅಂಚು ಚೂಪಾಗಿ ತೆಳುವಾಗುತ್ತದೆ. ಅಲ್ಲಿ ತುಂಬುವ ಹೊಸ ಗಾರೆ ಕಾಗದದಷ್ಟು ದಪ್ಪಕ್ಕೆ ಇಳಿದು ಪುಡಿಯಾಗುತ್ತದೆ.

ಬಾಗಿಲ ಚೌಕಟ್ಟಿನಿಂದ ಕೋಣೆಯ ನಡುವಿನವರೆಗೆ ಒಂದು ಬಿರುಕು. ಬಿರುಕು ಇನ್ನೂ ಅಗಲವಾಗುತ್ತಿದೆಯೇ ಎಂದು ತಿಳಿಯಲು ಅದರ ಮೇಲೆ ಎರಡು ಕಡೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಿಲ್ಲೆ ಮೆತ್ತಿ ಬಿಟ್ಟರೆ ಸಾಕು. ನೆಲ ಅಲುಗುತ್ತಿದ್ದರೆ ಬಿಲ್ಲೆ ಸೀಳುತ್ತದೆ. ಇಲ್ಲಿ ಸೀಳಲಿಲ್ಲ. ಹಾಗಾಗಿ ಬಿರುಕನ್ನು ವಿ ಆಕಾರದಲ್ಲಿ 6 ಮಿ.ಮೀ. ಅಗಲ ಮಾಡಿ, ಧೂಳು ಎಳೆದು, ತೆಳು ಎಪಾಕ್ಸಿ ತುಂಬಿ, ಹಸಿಯಿರುವಾಗಲೇ ಒಣ ಮರಳು ಉದುರಿಸಿದೆವು. ಮರಳಿಲ್ಲದಿದ್ದರೆ ಎಪಾಕ್ಸಿಯ ನುಣುಪಿಗೆ ಮುಂದಿನ ಪದರ ಹಿಡಿಯುವುದಿಲ್ಲ. ಅಲುಗುವ ಬಿರುಕಾಗಿದ್ದರೆ ತುಂಬುವುದು ವ್ಯರ್ಥ, ಮೊದಲು ಅಡಿಪಾಯ ನೋಡಬೇಕು.

ತೇವ

ಹಳೆಯ ಮನೆಗಳ ನೆಲದಡಿ ತೇವ ತಡೆಯುವ ಹಾಳೆ ಇರುವುದಿಲ್ಲ. ಮಣ್ಣು, ಜಲ್ಲಿ, ಸುಣ್ಣದ ಗಾರೆ, ಅದರ ಮೇಲೆ ಆಕ್ಸೈಡ್, ಅಷ್ಟೇ. ಮಣ್ಣಿನ ತೇವ ಮೇಲೆ ಬಂದು ಗಾಳಿಗೆ ಆರುತ್ತಿರುತ್ತದೆ. ಮೇಲೆ ಪಿವಿಸಿ ಹಲಗೆ ಮುಚ್ಚಿದ ಕೂಡಲೇ ಆರುವ ದಾರಿ ಕಟ್ಟಿಹೋಗುತ್ತದೆ.

ಪರೀಕ್ಷೆ ಸರಳ. 18 ಇಂಚು ಚೌಕದ ಪಾರದರ್ಶಕ ಪಾಲಿಥಿನ್ ಹಾಳೆ, ನಾಲ್ಕೂ ಅಂಚಿಗೆ ಟೇಪ್, ಕನಿಷ್ಠ 16 ಗಂಟೆ. ತೆಗೆದಾಗ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ತೇವ ಏರುತ್ತಿದೆ ಎಂದರ್ಥ. ಇದನ್ನು ಮಳೆಗಾಲದಲ್ಲಿ ಮಾಡುವುದೇ ಸರಿ. ಏಪ್ರಿಲ್‌ನಲ್ಲಿ ಬೂದಿಯಂತೆ ಒಣಗಿರುವ ನೆಲ ಜುಲೈನಲ್ಲಿ ಬೇರೆಯೇ ಉತ್ತರ ಕೊಡುತ್ತದೆ.

ಮೂರು ಕಡೆ ಹಾಳೆ ಅಂಟಿಸಿದ್ದರಲ್ಲಿ ಹೊರಗೋಡೆಯ ಬದಿಯದು ಹನಿಗಟ್ಟಿತು. ಸೂರಿನ ನೀರಿಳಿಯುವ ಪೈಪು ಅದೇ ಗೋಡೆಯ ಬುಡಕ್ಕೆ ಸುರಿಯುತ್ತಿತ್ತು, ಹೂವಿನ ಪಾತಿಯ ಮಣ್ಣೂ ಗೋಡೆಗೆ ಒತ್ತಿಕೊಂಡಿತ್ತು. ಪೈಪನ್ನು ಚರಂಡಿಗೆ ತಿರುಗಿಸಿ, ಪಾತಿಯ ಮಣ್ಣನ್ನು ಒಳನೆಲದ ಮಟ್ಟಕ್ಕಿಂತ ಅರ್ಧ ಅಡಿ ಕೆಳಗಿಳಿಸಿ, ಗೋಡೆ ಆರಲು ಬಿಟ್ಟು, ಮತ್ತೆ ಹಾಳೆ ಅಂಟಿಸಿದಾಗ ಒಣಗಿತ್ತು. ಎರಡನೇ ಸಲವೂ ಹನಿ ಬಂದಿದ್ದರೆ ಇಡೀ ನೆಲಕ್ಕೆ ಎರಡು ಕೈ ಎಪಾಕ್ಸಿ ತೇವರೋಧಕ ಬಳಿಯಬೇಕಿತ್ತು. ಒದ್ದೆಯಿದ್ದ ಮೂಲೆಗೆ ಮಾತ್ರ ಬಳಿದರೆ ತೇವ ಪಕ್ಕಕ್ಕೆ ಸರಿದು ಬೇರೆಡೆ ಏಳುತ್ತದೆ.

ಅಳತೆ

ಗೋಡೆಯ ಸುತ್ತ ಒಂದೇ ಮಟ್ಟದ ಗೆರೆ ಬೇಕು. ಲೇಸರ್ ಇದ್ದರೆ ಅದು, ಇಲ್ಲದಿದ್ದರೆ ನೀರಿನ ಪೈಪು ಯಾವ ಲೇಸರಿಗೂ ಕಡಿಮೆಯಿಲ್ಲ. ಪೈಪಿನೊಳಗೆ ಗಾಳಿಗುಳ್ಳೆ ಉಳಿಯದಂತೆ ಬಕೆಟ್ಟಿನಿಂದ ನೀರು ಎಳೆದು ತುಂಬಿ, ಎರಡೂ ತುದಿಗಳನ್ನು ಮೊದಲು ಪಕ್ಕಪಕ್ಕದಲ್ಲಿ ಹಿಡಿದು ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆಯೇ ನೋಡಬೇಕು. ನಿಲ್ಲದಿದ್ದರೆ ಎಲ್ಲೋ ಗುಳ್ಳೆ ಇದೆ. ಲೇಸರನ್ನೂ ನಂಬುವ ಮೊದಲು ದೂರದ ಗೋಡೆಯ ಮೇಲೆ ಗುರುತು ಹಾಕಿ, ಅದೇ ಜಾಗದಲ್ಲಿ ಉಪಕರಣವನ್ನು ಅರ್ಧ ಸುತ್ತು ತಿರುಗಿಸಿ, ಗೆರೆ ಅದೇ ಗುರುತಿಗೆ ಬೀಳುತ್ತದೆಯೇ ಪರೀಕ್ಷಿಸಬೇಕು.

ನೆಲಕ್ಕೆ 2 ಅಡಿಯ ಚೌಕಗಳನ್ನು ಎಳೆದರೆ 42 ಬಿಂದು ಸಿಗುತ್ತವೆ. ಪ್ರತಿ ಬಿಂದುವಿನಲ್ಲೂ ಗೆರೆಯಿಂದ ನೆಲಕ್ಕೆ ಎಷ್ಟು ಮಿ.ಮೀ. ಎಂದು ಅಳೆದು, ಅಲ್ಲೇ ನೆಲದ ಮೇಲೆ ಬರೆಯುವುದು. ಸಂಖ್ಯೆ ಕಡಿಮೆ ಇದ್ದಷ್ಟೂ ನೆಲ ಎತ್ತರ. ಬಾಗಿಲ ಬಳಿಯ ಉಬ್ಬಿನಲ್ಲಿ 982, ಅದರ ಎದುರಿನ ಮೂಲೆಯಲ್ಲಿ 1001. ಒಟ್ಟು 19 ಮಿ.ಮೀ. ವ್ಯತ್ಯಾಸ.

ಈ ಇಳಿಜಾರು ಕೆಟ್ಟ ಕೆಲಸದ ಗುರುತಲ್ಲ. ನೆಲಕ್ಕೆ ನೀರು ಹುಯ್ದು ತೊಳೆಯುತ್ತಿದ್ದ ಕಾಲದಲ್ಲಿ ನೀರು ಮೂಲೆಯ ತೂಬಿನಿಂದ ಹೊರಹೋಗಲಿ ಎಂದು ಬೇಕೆಂದೇ ಕೊಟ್ಟದ್ದು. ಎಸ್‌ಪಿಸಿಗೆ ಇಳಿಜಾರೂ ತೊಂದರೆಯಲ್ಲ, ಮೇಲ್ಮೈ ಸಪಾಟಾಗಿದ್ದರೆ ಸಾಕು. ಇಲ್ಲಿ ಮೂಲೆಯ ಗೋಡೆಗೆ ಎತ್ತರದ ಬೀರು ನಿಲ್ಲಬೇಕಾದ್ದರಿಂದ ಪೂರ್ತಿ ಮಟ್ಟಕ್ಕೆ ತರುವುದೆಂದು ನಿರ್ಧಾರ. ಬೀರು ಇಲ್ಲದಿದ್ದರೆ ತಗ್ಗುಗಳನ್ನಷ್ಟೇ ತುಂಬಿ ಇಳಿಜಾರನ್ನು ಉಳಿಸಿಕೊಳ್ಳುವುದು ಜಾಣತನ. ಅರ್ಧಕ್ಕಿಂತ ಹೆಚ್ಚು ಸಾಮಾನು ಉಳಿಯುತ್ತಿತ್ತು.

ಉಬ್ಬು ತಗ್ಗಿಸಿದಷ್ಟೂ ಲಾಭ. ಕೋಣೆಯಲ್ಲಿ ಸುರಿಯುವ ದಪ್ಪವನ್ನು ಗೊತ್ತುಮಾಡುವುದು ಅತಿ ಎತ್ತರದ ಬಿಂದು. ಬಾಗಿಲ ಬಳಿಯ ಎರಡಡಿ ಅಗಲದ ಉಬ್ಬನ್ನು 5 ಮಿ.ಮೀ. ಸವೆಸಿದಾಗ ಅತಿ ಎತ್ತರದ ಬಿಂದು 987ಕ್ಕೆ ಬಂತು. ಅದರ ಮೇಲೆ ಕನಿಷ್ಠ 3 ಮಿ.ಮೀ. ಪದರ ಎಂದರೆ ಮುಗಿದ ಮಟ್ಟ 984. ಎಲ್ಲ ಬಿಂದುಗಳ ಸರಾಸರಿ 992, ಅಂದರೆ ಸರಾಸರಿ ದಪ್ಪ 8 ಮಿ.ಮೀ.

ಎಣ್ಣೆ, ಮೇಣ, ಧೂಳು

ಇಡೀ ಕೆಲಸದ ಜೀವ ಇಲ್ಲಿದೆ. ಸುರಿದ ಕಾಂಪೌಂಡ್ ಹಾಳೆ ಹಾಳೆಯಾಗಿ ಎದ್ದರೆ ಮೂಟೆಯನ್ನು ಬೈಯುವುದು ರೂಢಿ, ಕಾರಣ ಬಹುಪಾಲು ಕೆಳಗಿರುತ್ತದೆ. ರೆಡ್ ಆಕ್ಸೈಡ್ ನೆಲವನ್ನು ಕರಣೆಯಿಂದ ಉಜ್ಜಿ ಗಾಜಿನಂತೆ ಮಾಡಿರುತ್ತಾರೆ, ಮೇಲೆ ವರ್ಷಗಟ್ಟಲೆ ಕೊಬ್ಬರಿ ಎಣ್ಣೆಯೋ ಮೇಣವೋ ತಿಕ್ಕಿರುತ್ತಾರೆ. ಪ್ರೈಮರ್ ಒಳಗಿಳಿಯಲು ಒಂದು ರಂಧ್ರವೂ ಉಳಿದಿರುವುದಿಲ್ಲ. ಇದರ ಮೇಲೆ ಸಿಮೆಂಟ್ ಹಾಲು ಬಳಿದು ಮುಂದುವರಿಯುವ ಮೇಸ್ತ್ರಿಗಳಿದ್ದಾರೆ, ಅದು ನಿಲ್ಲುವುದಿಲ್ಲ. ಆಸಿಡ್ ಸುರಿಯುವುದೂ ಬೇಡ: ಎಣ್ಣೆ ಇರುವಲ್ಲಿ ಅದು ಕೆಲಸ ಮಾಡುವುದಿಲ್ಲ, ಸುಣ್ಣದ ಗಾರೆಗೆ ಇಳಿದರೆ ಬುಡವನ್ನೇ ಸಡಿಲಿಸುತ್ತದೆ.

ಮೊದಲು ಬಿಸಿನೀರು ಮತ್ತು ಡಿಗ್ರೀಸರ್‌ನಿಂದ ತಿಕ್ಕಿ ತೊಳೆದು ಒಣಗಿಸಿ, ಆಮೇಲೆ 5 ಇಂಚಿನ ಗ್ರೈಂಡರ್‌ಗೆ ಡೈಮಂಡ್ ಕಪ್ ವೀಲ್ ಹಾಕಿ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜುವುದು. ಎಣ್ಣೆ ತೆಗೆಯದೆ ಗ್ರೈಂಡರ್ ಹಿಡಿದರೆ ಚಕ್ರ ಎಣ್ಣೆಯನ್ನೇ ಸವರುತ್ತ ಹೋಗುತ್ತದೆ. ಈ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಹೋದರೆ ವಾಪಸು ಬರುವುದಿಲ್ಲ. ಗ್ರೈಂಡರ್‌ಗೆ ಮುಚ್ಚಳ, ಅದಕ್ಕೆ ವ್ಯಾಕ್ಯೂಮ್, ಮುಖಕ್ಕೆ ಎನ್95 ಮಾಸ್ಕ್, ಕರವಸ್ತ್ರ ಸಾಲದು.

ಸಾಕಷ್ಟು ಉಜ್ಜಿದೆಯೇ ಎಂದು ಹೇಳುವುದು ನೀರಿನ ಹನಿ. ಅಲ್ಲಲ್ಲಿ ಹನಿ ಬಿಟ್ಟು ನೋಡಿದಾಗ ಕೆಲವೇ ನಿಮಿಷದಲ್ಲಿ ಇಂಗಿ ಕಲೆಯಾದರೆ ಸರಿ. ಮಣಿಯಂತೆ ಗುಂಡಗೆ ಕೂತೇ ಇದ್ದರೆ ಎಣ್ಣೆ ಇನ್ನೂ ಇದೆ, ಆ ಜಾಗ ಮತ್ತೆ ಉಜ್ಜಬೇಕು. ಇಲ್ಲಿ ದೇವರ ಗೂಡಿನ ಕೆಳಗಿನ ಎರಡಡಿ ಜಾಗ, ದೀಪದ ಎಣ್ಣೆ ಕುಡಿದದ್ದು, ಎಷ್ಟು ಉಜ್ಜಿದರೂ ಹನಿ ಇಂಗಲಿಲ್ಲ. ಅದನ್ನು ಉಳಿಯಿಂದ ಕಿತ್ತು ಹೊಸ ಗಾರೆಗೆ ಬಿಟ್ಟೆವು.

ಆಳದ ಜಾಗಗಳ ತುಂಬು

ಲೆವೆಲಿಂಗ್ ಕಾಂಪೌಂಡ್ ದುಬಾರಿ, ಸಿಮೆಂಟ್ ಮರಳು ಅಗ್ಗ. ಹಾಗಾಗಿ ಕಿತ್ತ ಜಾಗಗಳನ್ನು ಸುತ್ತಲಿನ ನೆಲದ ಮಟ್ಟಕ್ಕೆ, ಇಳಿಜಾರಿನ ಮೂಲೆಯ ಸುಮಾರು 2.8 ಚದರ ಮೀಟರನ್ನು ಸರಾಸರಿ 8 ಮಿ.ಮೀ. ಮೇಲಕ್ಕೆ ಎತ್ತಿದ್ದು 1:3 ಗಾರೆಯಿಂದ. ಮೂಲೆಗೆ ಮಾತ್ರ ಸುಮಾರು 11 ಕಿಲೋ ಸಿಮೆಂಟ್, 22 ಲೀಟರ್ ಜರಡಿ ಹಿಡಿದ ಎಂ-ಸ್ಯಾಂಡ್, ನೀರಿನ ಜೊತೆ ಒಂದೂವರೆ ಲೀಟರ್ ಎಸ್‌ಬಿಆರ್, ಅಂದರೆ ಗಾರೆಯ ಹಿಡಿತಕ್ಕೆ ಬೆರೆಸುವ ಲೇಟೆಕ್ಸ್ ದ್ರವ. ಗಾರೆ ಹಾಕುವ ಮುಂಚೆ ಎಸ್‌ಬಿಆರ್ ಮತ್ತು ನೀರನ್ನು ಸಮ ಬೆರೆಸಿ, ಸಿಮೆಂಟ್ ಕಲಸಿ, ಬ್ರಶ್ಶಿನಿಂದ ತಿಕ್ಕಿ ಬಳಿಯಬೇಕು. ಬಳಿದದ್ದು ಒಣಗುವ ಮೊದಲೇ ಗಾರೆ ಬೀಳಬೇಕು. ಒಣಗಿಬಿಟ್ಟರೆ ಅಂಟಿಸಬೇಕಾದದ್ದೇ ಬಿಡಿಸುವ ಪದರವಾಗುತ್ತದೆ. ಮೇಲ್ಮೈಯನ್ನು ಕರಣೆಯಿಂದ ನುಣುಪು ಮಾಡದೆ ಮರದ ಉಜ್ಜುಗೋಲಿನಿಂದ ಒರಟಾಗಿ ಬಿಟ್ಟರೆ ಮುಂದಿನ ಪದರ ಹಿಡಿಯುತ್ತದೆ. ಒಣಗಲು ಮಿ.ಮೀ.ಗೆ ಒಂದು ದಿನ ಎಂಬ ಲೆಕ್ಕ ಹಿಡಿಯಬಹುದು, ಮಳೆ ಹಿಡಿದಿದ್ದರೆ ಇನ್ನೂ ಹೆಚ್ಚು.

ಈಗ ಸರಾಸರಿ ದಪ್ಪ 6 ಮಿ.ಮೀ.ಗೆ ಇಳಿಯಿತು. ಕೋಣೆ 11.15 ಚದರ ಮೀಟರ್. ಚದರ ಮೀಟರಿಗೆ ಪ್ರತಿ ಮಿ.ಮೀ.ಗೆ ಸುಮಾರು 1.7 ಕಿಲೋ. ಒಟ್ಟು 114 ಕಿಲೋ, ಶೇ. 10 ಹೆಚ್ಚುವರಿ ಸೇರಿ 125. ಅಂದರೆ 25 ಕಿಲೋದ 5 ಮೂಟೆ, ಕೈಯಲ್ಲಿ ಇನ್ನೊಂದು. ಸುರಿಯುವ ನಡುವೆ ಅಂಗಡಿಗೆ ಓಡುವಂತಿಲ್ಲ.

ಪ್ರೈಮರ್ ಮತ್ತು ಸುರಿಯುವುದು

ಸುರಿಯುವ ಮೊದಲು ಎಲ್ಲ ಬಾಯಿ ಮುಚ್ಚಬೇಕು. ಮೂಲೆಯ ತೂಬಿಗೆ ಗಾರೆ, ಬಾಗಿಲಿಗೆ ಅಡ್ಡಲಾಗಿ ಸಿಲಿಕೋನ್ ಹಚ್ಚಿದ ಮರದ ಪಟ್ಟಿ, ಗೋಡೆಯ ಸುತ್ತ 5 ಮಿ.ಮೀ. ಫೋಮ್ ಟೇಪ್. ಈ ದ್ರವ ಸಣ್ಣ ಸಂದಿನಲ್ಲೂ ಇಳಿಯುತ್ತದೆ. ತೂಬು ಮುಚ್ಚದಿದ್ದರೆ ಅರ್ಧ ಮೂಟೆ ಹಿತ್ತಲಿಗೆ.

ಆಕ್ರಿಲಿಕ್ ಪ್ರೈಮರ್ ಎರಡು ಕೈ. ಹೊಸ ಗಾರೆಯ ಭಾಗ ಹೆಚ್ಚು ಹೀರುವುದರಿಂದ ಅಲ್ಲಿ ಇನ್ನೊಂದು ಕೈ. ಪ್ರೈಮರ್ ಕಡಿಮೆಯಾದ ಕಡೆ ರಂಧ್ರಗಳ ಗಾಳಿ ಕಾಂಪೌಂಡಿನೊಳಗಿಂದ ಮೇಲೇರಿ ಸೂಜಿ ತೂತು ಬಿಡುತ್ತದೆ. ಹೆಚ್ಚಾಗಿ ತಗ್ಗಿನಲ್ಲಿ ನಿಂತರೆ ರಬ್ಬರಿನಂಥ ಪೊರೆಯಾಗಿ ಅಲ್ಲಿಂದಲೇ ಪದರ ಬಿಡುತ್ತದೆ. ರೋಲರ್‌ನಿಂದ ನಿಂತದ್ದನ್ನು ಎಳೆದುಬಿಡಬೇಕು.

ನೀರಿನ ಅಳತೆ ಮೂಟೆಯ ಮೇಲೆ ಬರೆದಿದ್ದಷ್ಟೇ, ಇಲ್ಲಿ ಮೂಟೆಗೆ 5 ಲೀಟರ್. ಸಲೀಸಾಗಿ ಹರಿಯಲಿ ಎಂದು ಒಂದು ಚೊಂಬು ಜಾಸ್ತಿ ಹಾಕಿದರೆ ಮರಳು ತಳಕ್ಕಿಳಿದು, ತೆಳ್ಳಗಿನ ಹಾಲು ಮೇಲೆ ಬಂದು, ಒಣಗಿದಾಗ ಸುಣ್ಣದ ಪುಡಿಯಂತೆ ಕೈಗೆ ಹತ್ತುತ್ತದೆ. ಮೊದಲು ಬಕೆಟ್ಟಿಗೆ ನೀರು, ಆಮೇಲೆ ಪುಡಿ. ಡ್ರಿಲ್‌ಗೆ ಹಾಕಿದ ಕಲಸುಕೋಲಿನಿಂದ ನಿಧಾನ ವೇಗದಲ್ಲಿ 2 ನಿಮಿಷ, 1 ನಿಮಿಷ ಬಿಟ್ಟು ಮತ್ತೆ ಸ್ವಲ್ಪ. ವೇಗ ಹೆಚ್ಚಿದರೆ ಗಾಳಿ ಸೇರುತ್ತದೆ.

ಮೂವರಾದರೂ ಬೇಕು: ಒಬ್ಬರು ಕಲಸಲು, ಒಬ್ಬರು ಸುರಿಯಲು, ಒಬ್ಬರು ಮುಳ್ಳಿನ ಅಡಿಯ ಚಪ್ಪಲಿ ಹಾಕಿ ಎಳೆಯಲು. ಕಲಸಿದ್ದು 20 ನಿಮಿಷದೊಳಗೆ ದಪ್ಪವಾಗುವುದರಿಂದ ಎರಡು ಬಕೆಟ್ಟುಗಳು ಸರದಿಯಲ್ಲಿ ನಡೆಯಬೇಕು. ಆಳದ ಮೂಲೆಯಿಂದ ಶುರುಮಾಡಿ ಬಾಗಿಲ ಕಡೆಗೆ, ಪಟ್ಟಿ ಪಟ್ಟಿಯಾಗಿ, ಹಿಂದಿನ ಪಟ್ಟಿಯ ಅಂಚು ಹಸಿಯಿರುವಾಗಲೇ. ತಾನೇ ಮಟ್ಟವಾಗುತ್ತದೆ ಎಂಬ ಹೆಸರನ್ನು ಪೂರ್ತಿ ನಂಬಬಾರದು, 3 ಮಿ.ಮೀ. ಪದರ ದೂರ ಹರಿಯುವುದಿಲ್ಲ, ಹಲ್ಲಿನ ಕುಂಟೆಯಿಂದ ಎಳೆದುಕೊಡಬೇಕು. ಹಿಂದೆಯೇ ಮುಳ್ಳು ರೋಲರ್ ಉರುಳಿಸಿದರೆ ಗುಳ್ಳೆ ಒಡೆಯುತ್ತವೆ, ಎರಡು ಪಟ್ಟಿಗಳ ಸೇರು ಅಳಿಸುತ್ತದೆ. ಫ್ಯಾನ್ ಬಂದ್, ಕಿಟಕಿ ಮುಚ್ಚಿ, ಬಿಸಿಲು ಬೀಳುವ ಗಾಜಿಗೆ ಕಾಗದ. ಗಾಳಿ ಬೀಸಿದರೆ ಮೇಲ್ಮೈ ಬೇಗ ಒಣಗಿ ಜೇಡರಬಲೆಯಂಥ ಬಿರುಕು ಬರುತ್ತದೆ.

ಈಗಿನ ಸ್ಥಿತಿ

ಮರುದಿನ 2 ಮೀಟರ್ ಅಲ್ಯೂಮಿನಿಯಂ ಪಟ್ಟಿಯನ್ನು ಉದ್ದ, ಅಗಲ, ಮೂಲೆಯಿಂದ ಮೂಲೆಗೆ ಸರಿಸಿ, ಅಡಿಯಲ್ಲಿ 3 ಮಿ.ಮೀ. ಟೈಲ್ ಸ್ಪೇಸರ್ ತೂರುತ್ತದೆಯೇ ನೋಡಿದ್ದಾಯಿತು. ಕಿಟಕಿಯ ಕೆಳಗೆ ಒಂದು ಕಡೆ ತೂರಿತು. ಅಲ್ಲಿ ಉಜ್ಜಿ, ಪ್ರೈಮರ್ ಹಚ್ಚಿ, ಕರಣೆಯಿಂದ ಪ್ಯಾಚಿಂಗ್ ಕಾಂಪೌಂಡ್ ಎಳೆಯಲಾಗಿದೆ. ಮೂರನೇ ಮತ್ತು ನಾಲ್ಕನೇ ಮೂಟೆ ಸೇರಿದ ಗೆರೆಯಲ್ಲಿ ಸುಮಾರು ಒಂದು ಮಿ.ಮೀ. ಏಣು ಉಳಿದಿತ್ತು, ಸಾಣೆಕಲ್ಲಿನಿಂದ ಸವೆಸಿದರೆ ಹೋಯಿತು. ತಟ್ಟಿದರೆ ಎಲ್ಲೂ ಟೊಳ್ಳು ಸದ್ದಿಲ್ಲ. ಪಾಲಿಥಿನ್ ಹಾಳೆ ಮತ್ತೆ ಮೂರು ಕಡೆ ಅಂಟಿಸಿದೆ. ಒಣಗಿದ್ದರೆ ಹಲಗೆಯಡಿ 1000 ಗೇಜಿನ ಹಾಳೆ ಹಾಸಿ, ಸೇರಿಗೆ 8 ಇಂಚು ಮೇಲೆ ಮೇಲೆ ಬರುವಂತೆ ಟೇಪ್ ಹಾಕಿ ಹಲಗೆ ಶುರು.

ಬಾಗಿಲಲ್ಲಿ ಲೆಕ್ಕ ಹೀಗಿದೆ: ಸವೆಸಿದ್ದು 5, ಸುರಿದದ್ದು 3, ಹಲಗೆ 5. ಹಳೆಯ ನೆಲಕ್ಕಿಂತ ಒಟ್ಟು 3 ಮಿ.ಮೀ. ಮೇಲೆ. ಬಾಗಿಲಡಿ ಈಗ 4 ಮಿ.ಮೀ. ಸಂದಿದೆ. ಮಳೆಗೆ ಮರ ಊದುವುದನ್ನು ಹಿಡಿದರೆ 1 ಮಿ.ಮೀ. ಸಾಲದು, ಬಾಗಿಲು ಕಳಚಿ ಕೆಳ ಅಂಚನ್ನು 3 ಮಿ.ಮೀ. ಹತ್ತರಿ ಹಾಕಬೇಕು. ಪಕ್ಕದ ಕೋಣೆಯ ಆಕ್ಸೈಡ್ ನೆಲಕ್ಕೆ ಇಳಿಯುವಲ್ಲಿ ಅಲ್ಯೂಮಿನಿಯಂ ಇಳಿಜಾರು ಪಟ್ಟಿ ಬರುತ್ತದೆ. ಅದನ್ನು ಹಲಗೆಗೆ ತಿರುಪು ಹಾಕದೆ ನೆಲಕ್ಕೆ ಮಾತ್ರ ಕೂರಿಸಬೇಕು, ಹಲಗೆಯ ಅಂಚಿಗೆ 8 ಮಿ.ಮೀ. ಆಡುವ ಜಾಗ ಬಿಟ್ಟು.