ಕರಾಟೆ ಡ್ರೆಸ್ ತೊಟ್ಟು ಜೂಡೊ ಹಾಲ್‌ಗೆ ಹೋದ ಸಂಜೆ

ಬೆಳಗಾವಿಗೆ ವರ್ಗವಾಗಿ ಬಂದ ಎರಡನೆಯ ವರ್ಷದ ಮಳೆಗಾಲದಲ್ಲಿ, ನನ್ನ 34ನೆಯ ವಯಸ್ಸಿನಲ್ಲಿ, ನಾನು ಕರಾಟೆ ತರಗತಿಗೆ ಸೇರಿಕೊಂಡೆ. ಅದನ್ನು ಆಯ್ಕೆ ಎಂದು ಕರೆಯುವುದು ಕಷ್ಟ. ನಮ್ಮ ಊರುಗಳಲ್ಲಿ ಮೈ ಕೈ ಗಟ್ಟಿಯಾಗಬೇಕು, ರಾತ್ರಿ ಒಬ್ಬಳೇ ಮನೆಗೆ ನಡೆದುಬರುವ ಧೈರ್ಯ ಬೇಕು ಎಂದು ಯಾರಾದರೂ ಹೇಳಿದರೆ, ಕೇಳಿದವರ ಬಾಯಿಂದ ಹೊರಡುವ ಮೊದಲ ಶಬ್ದವೇ ಕರಾಟೆ. ಬಡಾವಣೆಗೊಂದು ಬೋರ್ಡು, ಶಾಲೆಗೊಬ್ಬ ಮಾಸ್ಟರ್ ಇರುವಾಗ ಹುಡುಕಾಟದ ಅಗತ್ಯವೂ ಬೀಳುವುದಿಲ್ಲ. ತಿಂಗಳ ಕೊನೆಯ ದಿನಗಳಲ್ಲಿ ಬ್ಯಾಂಕಿನ ಲೆಕ್ಕ ಮುಗಿಸಿ ನಾನು ಮನೆ ಸೇರುವ ಹೊತ್ತನ್ನು ಮೈಸೂರಿನಿಂದಲೇ ಫೋನಿನಲ್ಲಿ ಎಣಿಸುತ್ತಿದ್ದ ಅಮ್ಮ, "ಏನಾದ್ರೂ ಒಂದು ಕಲ್ತುಕೊಳ್ಳೇ, ಹುಡುಗೀರೆಲ್ಲ ಕರಾಟೆ ಕಲೀತಾರಂತೆ" ಎಂದು ವರ್ಷದಿಂದ ಹೇಳುತ್ತಿದ್ದಳು. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಹತ್ತಿರದ ಶಾಲೆಯ ಜಗಲಿಯಲ್ಲಿ, ಹೊರಗೆ ಜಿಟಿಜಿಟಿ ಮಳೆ ಸುರಿಯುತ್ತಿದ್ದಾಗ, ಹದಿನೈದು ಮಕ್ಕಳ ಹಿಂದಿನ ಸಾಲಿನಲ್ಲಿ ಹೋಗಿ ನಿಂತೆ.

ಮೂರು ವಾರ ಕಲಿತ ಕರಾಟೆಯ ಬಗ್ಗೆ ನನಗೆ ಯಾವ ದೂರೂ ಇಲ್ಲ. ಮಾಸ್ಟರ್ ಕಲಿಸುತ್ತಿದ್ದುದು ಶೋತೋಕಾನ್ ಶೈಲಿ. ಮುಂಗಾಲನ್ನು ಮಡಿಸಿ, ಹಿಂಗಾಲನ್ನು ಚಾಚಿ, ಉದ್ದವಾಗಿ ನಿಲ್ಲುವ ಆ ಭಂಗಿಯಲ್ಲಿ ಎರಡು ನಿಮಿಷ ನಿಂತರೆ ತೊಡೆ ನಡುಗುತ್ತಿತ್ತು. ಮುಷ್ಟಿ ಮುಂದಕ್ಕೆ ಹೋಗುವಾಗ ಇನ್ನೊಂದು ಕೈ ಅಷ್ಟೇ ವೇಗವಾಗಿ ಸೊಂಟಕ್ಕೆ ಮರಳಬೇಕು, ಏಟಿನ ಬಲ ತೋಳಿನಿಂದಲ್ಲ ಸೊಂಟದ ತಿರುವಿನಿಂದ ಬರಬೇಕು ಎಂಬುದು ಎರಡನೆಯ ವಾರದ ಹೊತ್ತಿಗೆ ತಲೆಗೆ ಹತ್ತಿತ್ತು, ಮೈಗೆ ಹತ್ತಿರಲಿಲ್ಲ. ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ಚಲನೆಗಳ ಸರಣಿಗೆ ಕಾತಾ ಎನ್ನುತ್ತಾರೆ; ಹೆಯಾನ್ ಶೋದಾನ್ ಎಂಬ ಮೊದಲ ಕಾತಾದ 21 ಚಲನೆಗಳನ್ನು ನಾನು ಮನೆಯ ನಡುಮನೆಯಲ್ಲಿ, ಸೋಫಾ ಸರಿಸಿ, ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೆ. ಕರಾಟೆಯಲ್ಲಿ ನನಗೆ ತುಂಬ ಹಿಡಿಸಿದ್ದೇ ಇದು. ಯಾರೂ ಬೇಕಾಗಿಲ್ಲ, ಇಪ್ಪತ್ತು ನಿಮಿಷ ಮತ್ತು ನಾಲ್ಕು ಹೆಜ್ಜೆ ಜಾಗ ಇದ್ದರೆ ಸಾಕು, ತಪ್ಪಿದರೆ ನೋಡುವವರೂ ಇಲ್ಲ.

ಆದರೆ ಜೋಡಿಯಾಗಿ ಮಾಡುವ ಅಭ್ಯಾಸದಲ್ಲಿ ಒಂದು ವಿಷಯ ನನ್ನನ್ನು ಕಾಡಲು ಶುರುವಾಯಿತು. ಎದುರಿಗೆ ನಿಂತವರ ಮುಷ್ಟಿ ನನ್ನ ಎದೆಯಿಂದ ನಾಲ್ಕು ಬೆರಳು ದೂರದಲ್ಲಿ ಬಂದು ನಿಲ್ಲುತ್ತಿತ್ತು. ನನ್ನ ಮುಷ್ಟಿಯೂ ಹಾಗೆಯೇ. ಹೊಸಬರಿಗೆ ಅದು ಸರಿಯಾದ ಕ್ರಮವೇ, ಆ ಅಂತರವನ್ನು ಕಾಯ್ದುಕೊಳ್ಳುವ ಹಿಡಿತವೇ ಕರಾಟೆಯ ಶಿಸ್ತು ಎಂಬುದು ನನಗೆ ತಿಳಿದಿತ್ತು. ಆದರೂ ಆ ನಾಲ್ಕು ಬೆರಳಿನ ಜಾಗ ಇಲ್ಲವಾದರೆ, ಎದುರಿನವರು ಹೊಡೆಯದೆ ಸುಮ್ಮನೆ ನನ್ನ ತೋಳು ಹಿಡಿದುಕೊಂಡರೆ, ನಾನು ಏನು ಮಾಡುತ್ತೇನೆ ಎಂದು ಕೇಳಿಕೊಂಡಾಗ ನನ್ನಲ್ಲಿ ಉತ್ತರವಿರಲಿಲ್ಲ. ಈ ಮಾತನ್ನು ಊಟದ ಹೊತ್ತಿನಲ್ಲಿ ಶಾಖೆಯ ಸಹೋದ್ಯೋಗಿಯೊಬ್ಬರಿಗೆ ಹೇಳಿದೆ. ಅವರ ಹದಿಮೂರು ವರ್ಷದ ಮಗಳು ನಾಲ್ಕು ವರ್ಷದಿಂದ ಜೂಡೊ ಆಡುತ್ತಿದ್ದಾಳೆಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. "ಮೇಡಮ್, ಒಂದ್ ದಿನಾ ಬಂದ್ ನೋಡ್ರೆಲಾ. ಹಿಡಿಯೂದು ಬಿಟ್ರ ಅಲ್ಲಿ ಬ್ಯಾರೆ ಕೆಲಸಾನ ಇಲ್ಲ" ಎಂದರು.

ಬೇರೆ ಊರಿನಲ್ಲಿ ಇದ್ದಿದ್ದರೆ ಈ ಕರೆಯೇ ನನಗೆ ಬರುತ್ತಿರಲಿಲ್ಲವೇನೋ. ಕರಾಟೆಯಂತೆ ಜೂಡೊ ಎಲ್ಲೆಂದರಲ್ಲಿ ಸಿಗುವುದಿಲ್ಲ, ಏಕೆಂದರೆ ಅದಕ್ಕೆ ನೆಲದ ತುಂಬ ದಪ್ಪ ಮ್ಯಾಟ್ ಬೇಕು, ಅದನ್ನು ಹಾಸಿಡಲು ಒಳಾಂಗಣ ಬೇಕು. ಶಾಲೆಯ ಜಗಲಿಯಲ್ಲಿ ಅದು ನಡೆಯುವ ಮಾತಲ್ಲ. ಬೆಳಗಾವಿಯಲ್ಲಿ ಮಾತ್ರ ಆ ಆಟಕ್ಕೆ ಒಂದು ನೆಲೆ ಇದೆ. ಹತ್ತಿರದ ತುರಮುರಿಯ ಮಲಪ್ರಭಾ ಜಾಧವ್ ಜೂಡೊ ಕಲಿತು, ಅದರ ಸೋದರನಂತಿರುವ ಉಜ್ಬೇಕಿಸ್ತಾನದ ಕುರಾಶ್ ಕುಸ್ತಿಯಲ್ಲಿ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಕಂಚು ಗೆದ್ದದ್ದನ್ನು ಇಲ್ಲಿನ ಮಕ್ಕಳು ತಮ್ಮ ಮನೆಯ ಸುದ್ದಿಯಂತೆ ಹೇಳುತ್ತಾರೆ.

ಶನಿವಾರ ಸಂಜೆ ನಾನು ಬೇರೆ ಬಟ್ಟೆ ಇಲ್ಲದ್ದರಿಂದ ಹೊಸ ಕರಾಟೆ ಡ್ರೆಸ್ಸನ್ನೇ ತೊಟ್ಟು, ಮೇಲೆ ರೇನ್‌ಕೋಟು ಹಾಕಿಕೊಂಡು ಆ ಹಾಲ್‌ಗೆ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗ ಮೊದಲು ಮುಟ್ಟಿದ್ದು ವಾಸನೆ: ಒದ್ದೆ ಬಟ್ಟೆ, ಬೆವರು, ಮ್ಯಾಟಿನ ರೆಗ್ಜಿನ್. ಆಮೇಲೆ ಸದ್ದು. ಕರಾಟೆ ತರಗತಿಯ ಸದ್ದು ಗಂಟಲಿನದು, ಇಲ್ಲಿನದು ಬೆನ್ನಿನದು. ಇಪ್ಪತ್ತು ಮಕ್ಕಳು ಸಾಲಾಗಿ ಬೀಳುತ್ತಿದ್ದರು, ಎದ್ದು ಮತ್ತೆ ಬೀಳುತ್ತಿದ್ದರು, ಪ್ರತಿ ಸಲವೂ ತೋಳು ಮ್ಯಾಟಿಗೆ ಅಪ್ಪಳಿಸುವ ಸದ್ದು ತಗಡಿನ ಮಾಡಿನ ಮೇಲೆ ಬೀಳುತ್ತಿದ್ದ ಮಳೆಯನ್ನೂ ಮೀರಿ ಕೇಳುತ್ತಿತ್ತು.

ಕೋಚ್ ನನ್ನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ಇದು ಕರಾಟಿ ಡ್ರೆಸ್ ಅಲ್ರೀ? ಇರ್ಲಿ, ಇವತ್ತ ಬರೇ ಬೀಳೂದು" ಎಂದು ಹೇಳಿ, ಬೀಳುವುದಕ್ಕೂ ಮೊದಲು ಇನ್ನೊಂದು ಪಾಠ ಹೇಳಿಕೊಟ್ಟರು. ನೋವಾದರೆ, ಉಸಿರು ಕಟ್ಟಿದರೆ, ಹೆದರಿಕೆಯಾದರೂ ಸರಿ, ಮ್ಯಾಟಿನ ಮೇಲೋ ಎದುರಿನವರ ಮೈಮೇಲೋ ಎರಡು ಸಲ ತಟ್ಟಬೇಕು. ತಟ್ಟಿದ ಕ್ಷಣ ಅವರು ಬಿಡಲೇಬೇಕು. ಇದನ್ನು ಅವರು ನನ್ನಿಂದ ಮೂರು ಸಲ ಮಾಡಿಸಿದರು. ನಂತರ ಕುಕ್ಕರಗಾಲಲ್ಲಿ ಕೂರಿಸಿ ಹಿಂದಕ್ಕೆ ಉರುಳಿಸಿದರು: ಗಲ್ಲ ಎದೆಗೆ ಒತ್ತಿರಬೇಕು, ಕಣ್ಣು ಬೆಲ್ಟಿನ ಗಂಟನ್ನು ನೋಡುತ್ತಿರಬೇಕು, ಬೆನ್ನು ನೆಲ ಮುಟ್ಟುವ ಹೊತ್ತಿಗೆ ಎರಡೂ ತೋಳು ಮೈಯಿಂದ ಸ್ವಲ್ಪ ಓರೆಯಾಗಿ ಚಾಚಿ ಅಂಗೈ ಕೆಳಗಾಗಿ ಮ್ಯಾಟನ್ನು ಹೊಡೆಯಬೇಕು. ಕೈ ಊರಿ ಬೀಳುವ ಹುಟ್ಟು ಚಾಳಿಯೇ ಮಣಿಕಟ್ಟು ಮುರಿಯುವುದಕ್ಕೆ ಕಾರಣವಂತೆ. ನಾನು ಹತ್ತು ಸಲ ಬಿದ್ದೆ, ಏಳು ಸಲ ಕೈ ಊರಿದೆ.

ಕೊನೆಯ ಹದಿನೈದು ನಿಮಿಷದಲ್ಲಿ ಕೋಚ್ ನನ್ನ ಸಹೋದ್ಯೋಗಿಯ ಮಗಳನ್ನು ಕರೆದು, ಹಿಡಿತ ಹೇಗಿರುತ್ತದೆಂದು ಮೆಲ್ಲಗೆ ತೋರಿಸಲು ಹೇಳಿದರು. ನನ್ನ ಭುಜಕ್ಕೆ ಬರುವಷ್ಟು ಎತ್ತರದ ಹುಡುಗಿ ಬಾಗಿ ನಮಸ್ಕರಿಸಿ, ಒಂದು ಕೈಯಲ್ಲಿ ನನ್ನ ಕತ್ತುಪಟ್ಟಿಯನ್ನೂ ಇನ್ನೊಂದು ಕೈಯಲ್ಲಿ ತೋಳಿನ ಬಟ್ಟೆಯನ್ನೂ ಹಿಡಿದಳು. "ನೀವೂ ಹಿಡೀರಿ ಅಕ್ಕಾ" ಎಂದಳು. ನನಗೆ ಕೈ ಮುಂದೆ ಹೋಗಲಿಲ್ಲ. ಪರಿಚಯವಿಲ್ಲದ ಒಬ್ಬರ ಕೊರಳಪಟ್ಟಿಗೆ ಕೈ ಹಾಕುವುದು ನಮ್ಮಲ್ಲಿ ಜಗಳದ ಕೊನೆಯ ಹಂತ. ಅದನ್ನು ನಮಸ್ಕಾರದ ಮರುಕ್ಷಣವೇ, ನಗುನಗುತ್ತ, ಮಗುವಿನಂಥ ಹುಡುಗಿಯೊಡನೆ ಮಾಡುವುದೆಂದರೆ ಒಳಗಿನ ಯಾವುದೋ ಕಟ್ಟುಪಾಡು ಅಡ್ಡ ಬರುತ್ತಿತ್ತು. ಶೋತೋಕಾನ್ ತರಗತಿಯಲ್ಲಿ ಮೂರು ವಾರದಲ್ಲಿ ನನ್ನನ್ನು ಯಾರೂ ಮುಟ್ಟಿರಲಿಲ್ಲ ಎಂಬುದು ಆಗ ಹೊಳೆಯಿತು. ಅದು ನನಗೆ ಹಿತವಾಗಿತ್ತು ಎಂಬುದೂ ಹೊಳೆಯಿತು.

ಹಿಡಿದೆ. ಅವಳು ನನ್ನನ್ನು ಒಮ್ಮೆಲೇ ಎಳೆಯಲಿಲ್ಲ. ಸುಮ್ಮನೆ ನನ್ನ ಕಡೆಗೆ ಒಂದಿಷ್ಟು ತಳ್ಳಿದಳು, ನಾನು ಸಹಜವಾಗಿ ಮುಂದಕ್ಕೆ ಒತ್ತಿದೆ, ಮರುಗಳಿಗೆ ಅವಳು ನಾನು ಒತ್ತಿದ ದಿಕ್ಕಿಗೇ ನನ್ನನ್ನು ಎಳೆದಳು. ನನ್ನ ಮೈಯ ಭಾರವೆಲ್ಲ ಕಾಲ್ಬೆರಳುಗಳಿಗೆ ಇಳಿದಿತ್ತು. ಎಸೆಯುವ ಮೊದಲು ಎದುರಾಳಿಯ ತೂಕವನ್ನು ಅವರ ಕಾಲಿನಿಂದ ಕದಿಯುವ ಈ ಕೆಲಸಕ್ಕೆ ಜೂಡೊದಲ್ಲಿ ಕುಝುಶಿ ಎನ್ನುತ್ತಾರೆ. ಆಮೇಲೆ ಅವಳು ಗಿರ್ರನೆ ತಿರುಗಿ, ಮಂಡಿ ಬಗ್ಗಿಸಿ, ತನ್ನ ಬೆನ್ನನ್ನು ನನ್ನ ಎದೆಗೆ ಕೊಟ್ಟು, ನನ್ನ ತೋಳನ್ನು ಹೆಗಲ ಮೇಲಿಂದ ಮುಂದಕ್ಕೆ ಎಳೆದಳು. ಸೆಓಯಿ ನಾಗೆ ಎಂಬ ಆ ಪಟ್ಟನ್ನು ನಾನು ಮೊದಲೇ ನೋಡಿದ್ದೆ. ಬಟ್ಟೆ ಒಗೆಯುವವರು ಹೆಗಲ ಮೇಲಿಂದ ಕಲ್ಲಿಗೆ ಬಟ್ಟೆ ಬಡಿಯುವಂತೆ ಎದುರಾಳಿಯನ್ನು ಎಸೆಯುವ ಕುಸ್ತಿಯ ಪಟ್ಟನ್ನು, ನನ್ನ ತಾತ ಮೈಸೂರಿನ ನಮ್ಮ ಮನೆಯ ಹಿತ್ತಲಲ್ಲಿ ನನ್ನ ಅಣ್ಣಂದಿರಿಗೆ ಎಷ್ಟೋ ಸಲ ತೋರಿಸಿದ್ದರು. ಅಣ್ಣಂದಿರಿಗೆ ಮಾತ್ರ. ತಾತ ಗರಡಿಯಲ್ಲಿ ಸಾಮು ಮಾಡಿ ಬೆಳೆದವರು, ದಸರಾ ಕುಸ್ತಿ ನೋಡಲು ದೊಡ್ಡಕೆರೆ ಮೈದಾನಕ್ಕೆ ಗಂಡುಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೋಗುತ್ತಿದ್ದವರು. ಗರಡಿಮನೆಯ ಒಳಗೆ ಹೆಂಗಸರು ಹೋಗುವಂತಿರಲಿಲ್ಲ. ನನಗೆ ಗೊತ್ತಿದ್ದ ಗರಡಿ ಎಂದರೆ ಬೀದಿಯಿಂದ ಕಾಣುವ ತಗ್ಗು ಬಾಗಿಲು, ಒಳಗಿನ ದೀಪ, ಮತ್ತು ತಾತ ಸ್ನಾನ ಮಾಡಿ ಹೋದ ಮೇಲೆ ಬಚ್ಚಲಿನಲ್ಲಿ ಉಳಿಯುತ್ತಿದ್ದ ಕೆಮ್ಮಣ್ಣಿನ ನೀರು.

ಪಟ್ಟು ಪೂರ್ತಿಯಾಗಲಿಲ್ಲ. ಕಾಲು ನೆಲ ಬಿಡುವಷ್ಟರಲ್ಲಿ ನನ್ನ ಡ್ರೆಸ್ಸಿನ ಭುಜದ ಹೊಲಿಗೆ ಪರ್ರೆಂದು ಕಂಕುಳಿನವರೆಗೂ ಹರಿಯಿತು. ಹಾಲ್ ಒಂದು ಗಳಿಗೆ ಸ್ತಬ್ಧವಾಗಿ, ಮರುಗಳಿಗೆ ಇಪ್ಪತ್ತು ಮಕ್ಕಳೂ ನಕ್ಕರು. ಕೈಯಲ್ಲಿ ನನ್ನ ತೋಳಿನ ಬಟ್ಟೆ ಹಿಡಿದೇ ನಿಂತಿದ್ದ ಹುಡುಗಿಯ ಮುಖ ಮಾತ್ರ ಅಳುವಂತಾಗಿತ್ತು. ಕೋಚ್ ತಮ್ಮ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು ಮುಟ್ಟಿ ನೋಡಲು ಹೇಳಿದರು. ಕಾಳು ಕಾಳಾಗಿ ನೇಯ್ದ, ಕಂಬಳಿಯಷ್ಟು ದಪ್ಪನೆಯ ಹತ್ತಿಬಟ್ಟೆ, ಕತ್ತುಪಟ್ಟಿಯಂತೂ ಹಗ್ಗದಂತಿತ್ತು.

ಮನೆಗೆ ಬಂದು ಓದಿದಾಗ ತಿಳಿದದ್ದು ಈ ಎರಡು ಬಟ್ಟೆಗಳೂ ಒಂದೇ ವಂಶದವು ಎಂದು. 1882ರಲ್ಲಿ ಟೋಕಿಯೊದ ಬೌದ್ಧ ದೇವಾಲಯವೊಂದರಲ್ಲಿ ಕೊಡೊಕಾನ್ ಎಂಬ ಶಾಲೆ ತೆರೆದು ಜುಜುತ್ಸು ಎಂಬ ಹಳೆಯ ಕಾದಾಟದ ಕಲೆಯಿಂದ ಜೂಡೊವನ್ನು ರೂಪಿಸಿದವರು ಕಾನೊ ಜಿಗೊರೊ. ಓಕಿನಾವಾದ ಶಾಲಾಮಾಸ್ತರ ಫುನಾಕೋಶಿ ಗಿಚಿನ್ 1922ರಲ್ಲಿ ತಮ್ಮ ದ್ವೀಪದ ಕರಾಟೆಯನ್ನು ಪ್ರದರ್ಶಿಸಲು ಟೋಕಿಯೊಗೆ ಬಂದಾಗ ಅವರನ್ನು ಕೊಡೊಕಾನ್‌ಗೆ ಕರೆಸಿ ಗೌರವಿಸಿದವರೂ ಕಾನೊ ಅವರೇ. ಕರಾಟೆ ತನ್ನ ಬಿಳಿ ಬಟ್ಟೆಯನ್ನೂ ಬೆಲ್ಟಿನ ಪದ್ಧತಿಯನ್ನೂ ಜೂಡೊದಿಂದ ತೆಗೆದುಕೊಂಡಿತು. ಹಿಡಿದೆಳೆಯುವ ಕೆಲಸ ಅಲ್ಲಿ ಕಡಿಮೆಯಾದ್ದರಿಂದ ಬಟ್ಟೆಯನ್ನು ತೆಳುವಾಗಿಸಿಕೊಂಡಿತು. ನನ್ನ ಭುಜದ ಹೊಲಿಗೆಗೆ ಇಷ್ಟು ದೊಡ್ಡ ಇತಿಹಾಸವಿತ್ತು.

ಆ ರಾತ್ರಿ ನಾನು ನಿದ್ದೆ ಬಾರದೆ ಲೆಕ್ಕ ಹಾಕಿದೆ. ಬ್ಯಾಂಕಿನವರಿಗೆ ಬೇರೇನೂ ಬರುವುದಿಲ್ಲ. ಕರಾಟೆಯ ಪರವಾಗಿ ತುಂಬ ಇತ್ತು. ಅದು ಮನೆಯಿಂದ ಐದು ನಿಮಿಷದ ದಾರಿ, ಜೂಡೊ ಹಾಲ್ ಊರಿನ ಇನ್ನೊಂದು ತುದಿಯಲ್ಲಿ. ಅದನ್ನು ಒಬ್ಬಳೇ ಅಭ್ಯಾಸ ಮಾಡಬಹುದು, ಇದನ್ನು ಇನ್ನೊಬ್ಬರ ಮೈ ಇಲ್ಲದೆ ಮಾಡುವಂತಿಲ್ಲ. ಮೂವತ್ತು ದಾಟಿದವರ ಮಂಡಿ, ಭುಜಗಳಿಗೆ ಜೂಡೊ ಕೊಡುವ ಪೆಟ್ಟುಗಳು ಸಣ್ಣವಲ್ಲ. ಕಾಲು ಉಳುಕಿ ಒಮ್ಮೆ ಆರು ವಾರ ರಜೆ ಹಾಕಿದ್ದ ನನಗೆ ಅದು ಉಪೇಕ್ಷಿಸುವ ಮಾತಾಗಿರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಯಾವುದಿದೆ ಎಂದು ಮಕ್ಕಳ ತಂದೆತಾಯಿ ವಿಚಾರಿಸುತ್ತಾರೆ: ಜೂಡೊ 1964ರಲ್ಲಿಯೇ ಸೇರಿತು, ಕರಾಟೆ 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಮಾತ್ರ ಕಾಣಿಸಿಕೊಂಡಿತು. ನನಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ಆತ್ಮರಕ್ಷಣೆಯ ವಿಷಯದಲ್ಲಿ ಎರಡರ ಜಾಹೀರಾತುಗಳೂ ಹೇಳುವಷ್ಟು ನನಗೆ ನಂಬಿಕೆ ಬರಲಿಲ್ಲ. ಮೂರು ತಿಂಗಳ ಕರಾಟೆಯಾಗಲಿ ಜೂಡೊ ಆಗಲಿ, ಕತ್ತಲ ಬೀದಿಯಲ್ಲಿ ಓಡುವ ಕಾಲಿಗಿಂತ ಹೆಚ್ಚು ಉಪಯೋಗಕ್ಕೆ ಬಂದೀತೆಂದು ನಾನು ಈಗಲೂ ಹೇಳಲಾರೆ.

ಹೀಗೆ ಲೆಕ್ಕದಲ್ಲಿ ಕರಾಟೆಯೇ ಗೆದ್ದಿತ್ತು. ಆದರೆ ಓದುವಾಗ ಸಿಕ್ಕ ಇನ್ನೊಂದು ಹೆಸರು ತಲೆಯಿಂದ ಹೋಗಲಿಲ್ಲ. ಕಾನೊ ಅವರಿಗೆ ಜುಜುತ್ಸು ಕಲಿಸಿದ ಗುರುಗಳ ಮೊಮ್ಮಗಳು ಫುಕುದಾ ಕೆಇಕೊ, ಕಾನೊ ಅವರೇ ಕರೆದು ಕೊಡೊಕಾನ್‌ನ ಹೆಂಗಸರ ವಿಭಾಗಕ್ಕೆ ಸೇರಿಸಿಕೊಂಡವರು. ಕಪ್ಪು ಬೆಲ್ಟಿನ ದರ್ಜೆಗಳಿಗೆ ಡಾನ್ ಎನ್ನುತ್ತಾರೆ; ಹೆಂಗಸರಿಗೆ ಐದನೆಯ ಡಾನ್ ಮೀರಿ ಕೊಡುವಂತಿಲ್ಲವೆಂಬ ಕಟ್ಟಳೆಯಿಂದ ಅವರು 1972ರವರೆಗೆ ಅಲ್ಲಿಯೇ ನಿಂತಿದ್ದರು. ಅಮೆರಿಕದಲ್ಲಿ ಕಲಿಸುತ್ತಲೇ ಮುದುಕಿಯಾಗಿ, 2011ರಲ್ಲಿ ಅಲ್ಲಿನ ಜೂಡೊ ಸಂಘಟನೆಯಿಂದ ಹತ್ತನೆಯ ಡಾನ್ ಪಡೆದಾಗ ಅವರಿಗೆ 98 ವರ್ಷ. ನನಗೆ ಡಾನ್‌ಗಳ ಆಸೆ ಇರಲಿಲ್ಲ. ಆ ಹುಡುಗಿ ತಿರುಗಿ ಬೆನ್ನು ಕೊಟ್ಟಾಗ, ಹಿತ್ತಲಿನ ಕಟ್ಟೆಯ ಮೇಲೆ ಕೂತು ಕಣ್ಣಲ್ಲಷ್ಟೇ ಕಲಿತಿದ್ದ ಪಟ್ಟೊಂದು ಮೂವತ್ತು ವರ್ಷ ತಡವಾಗಿ ಮೈಗೆ ತಾಗಿತ್ತು. ಅದು ಅರ್ಧಕ್ಕೆ ನಿಂತುಹೋದದ್ದು ನನ್ನನ್ನು ಕೆಣಕುತ್ತಿತ್ತು.

ಭಾನುವಾರ ಕರಾಟೆ ಮಾಸ್ಟರ್ ಬಳಿ ಹೋಗಿ ವಿಷಯ ತಿಳಿಸಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಕಾತಾ ಮಾತ್ರ ಬಿಡಬ್ಯಾಡ್ರಿ, ಮನ್ಯಾಗ ಮಾಡ್ರಿ" ಎಂದರು. ಮಾಡುತ್ತಿದ್ದೇನೆ. ಹರಿದ ಡ್ರೆಸ್ಸನ್ನು ಗಲ್ಲಿಯ ಟೇಲರ್ ಎರಡು ಪದರ ಹೊಲಿಗೆ ಹಾಕಿ ಕೊಟ್ಟಿದ್ದಾರೆ, ಅದು ನಡುಮನೆಯ ಅಭ್ಯಾಸಕ್ಕೆ ಸಾಕು. ಜೂಡೊ ಡ್ರೆಸ್ಸನ್ನು ಕೋಚ್ ಮೂಲಕ ತರಿಸಿಕೊಳ್ಳಲು ಹತ್ತು ದಿನ ಹಿಡಿಯಿತು. ಮೊದಲ ಸಲ ಒಗೆದಾಗ ಆ ಮಳೆಯಲ್ಲಿ ಒಣಗಲು ಇನ್ನೂ ನಾಲ್ಕು ದಿನ. ಅದನ್ನು ತೊಟ್ಟು ಮತ್ತೆ ಮ್ಯಾಟಿನ ಮೇಲೆ ನಿಂತಾಗ ಅದೇ ಹುಡುಗಿ ಎದುರಿಗೆ ಬಂದು, ಬಾಗಿ ನಮಸ್ಕರಿಸಿ, ನನ್ನ ತೋಳಿನ ಬಟ್ಟೆಯನ್ನು ಎರಡು ಸಲ ಜಗ್ಗಿ ನೋಡಿದಳು.

"ಇದು ಹರಿಯೂದಿಲ್ಲ ಅಲ್ಲ, ಅಕ್ಕಾ?"

ಹರಿಯುವುದಿಲ್ಲ ಎಂದೆ. ಈ ಸಲ ಕೈ ತಾನಾಗಿ ಅವಳ ಕತ್ತುಪಟ್ಟಿಗೆ ಹೋಯಿತು.