ಪ್ರೈಮರಿ ಹಾಕದ ಸ್ಲೈಡ್

ಜುಲೈ ತಿಂಗಳು. ಶಿವಮೊಗ್ಗದಲ್ಲಿ ಮಳೆ ಹಿಡಿದರೆ ಗೊತ್ತಲ್ವಾ, ಮೈಕ್ರೋಸ್ಕೋಪಿನ ಲೆನ್ಸಿಗೂ ಬೂಷ್ಟು ಬರುತ್ತದೆ. ನಾನಾಗ ಲ್ಯಾಬಿಗೆ ಹೊಸಬಳು. ಚಿಕ್ಕ ಬಿಳಿ ಇಲಿಯ ಕಣ್ಣೀರಿನ ಗ್ರಂಥಿಯಲ್ಲಿ ಟಿ ಸೆಲ್ (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಎಷ್ಟಿವೆ ಅಂತ ಎಣಿಸುವುದು ನನ್ನ ಕೆಲಸ. (ಈ ಗ್ರಂಥಿ ಕಣ್ಣಿನ ಪಕ್ಕದಲ್ಲಿಲ್ಲ. ಇಲಿಗಳಲ್ಲಿ ದೊಡ್ಡದು ಕಿವಿಯ ಕೆಳಗೆ, ಜೊಲ್ಲಿನ ಗ್ರಂಥಿಯ ಹತ್ತಿರ ಇರುತ್ತದೆ. ಮೊದಲ ಸಲ ನಾನು ಜೊಲ್ಲಿನ ಗ್ರಂಥಿಯನ್ನೇ ಕತ್ತರಿಸಿಟ್ಟಿದ್ದೆ.)

ಟಿ ಸೆಲ್ ಗುರುತಿಸಲು ಬಳಸುವ, ಮೊಲದಲ್ಲಿ ತಯಾರಿಸಿದ ಆಂಟಿಬಾಡಿ ಮುಗಿದಿತ್ತು. ಫ್ರಿಜ್ಜಿನಲ್ಲಿ ಇಲಿಯಲ್ಲಿ ತಯಾರಿಸಿದ್ದೊಂದು ಸಿಕ್ಕಿತು. ಎರಡರ ಮೇಲೂ ಸಿಡಿ3 (ಟಿ ಸೆಲ್‌ನ ಗುರುತಾದ ಪ್ರೋಟೀನು) ಎಂದೇ ಇತ್ತು. ಅದನ್ನೇ ಪ್ರೈಮರಿ, ಅಂದರೆ ಮೊದಲ ಆಂಟಿಬಾಡಿ, ಅಂತ ಹಾಕಿದೆ. ಮೇಲಿಂದ ಸೆಕೆಂಡರಿ, ಅಂದರೆ ಇಲಿಯ ಆಂಟಿಬಾಡಿಯನ್ನು ಹಿಡಿದು ಅಲ್ಲಿ ಕಂದು ಬಣ್ಣ ಬರಿಸುವ ಎರಡನೆಯ ಆಂಟಿಬಾಡಿ.

ಬಣ್ಣ ಎಷ್ಟು ಚೆನ್ನಾಗಿ ಬಂತು ಅಂದರೆ, ಗ್ರಂಥಿಯ ಗೊಂಚಲುಗಳ ನಡುವೆ ಅಡಿಕೆ ಚೊಗರು ಚಿಮುಕಿಸಿದ ಹಾಗೆ ಕಂದು ಕಂದು. ಒಂದು ಫೀಲ್ಡಿನಲ್ಲೇ (ಮೈಕ್ರೋಸ್ಕೋಪಿನಲ್ಲಿ ಒಮ್ಮೆಗೆ ಕಾಣುವಷ್ಟು ಜಾಗ) 40ಕ್ಕಿಂತ ಜಾಸ್ತಿ. ಖುಷಿಯಿಂದ ಓಡಿಹೋಗಿ ಮೇಡಂಗೆ ತೋರಿಸಿದೆ.

"ಎಲ್ಲ ಸರಿ ಕಣಮ್ಮ, ಪ್ರೈಮರಿ ಹಾಕದ ಸ್ಲೈಡ್ ಎಲ್ಲಿ?"

ಮಾಡಿರಲಿಲ್ಲ. ಮರುದಿನ ಪ್ರೈಮರಿ ಬಿಟ್ಟು ಬರೀ ಸೆಕೆಂಡರಿ ಹಾಕಿದೆ. ಅದೇ ಕಂದು, ಅದೇ ಜಾಗದಲ್ಲಿ!

ಕಣ್ಣೀರಿನ ಗ್ರಂಥಿಯಲ್ಲಿ ಪ್ಲಾಸ್ಮಾ ಸೆಲ್‌ಗಳು ಸಹಜವಾಗಿಯೇ ಇರುತ್ತವೆ. ಕಣ್ಣೀರಿಗೆ ಸೇರುವ ಐಜಿಎ ಆಂಟಿಬಾಡಿ ಮಾಡುವುದು ಅವೇ. ನನ್ನ ಸೆಕೆಂಡರಿ ಐಜಿಜಿ ಎಂಬ ಬೇರೆ ಬಗೆಯ ಆಂಟಿಬಾಡಿಯನ್ನು ಹಿಡಿಯುವಂಥದ್ದು, ನಿಜ. ಆದರೆ ಅದು ಆಂಟಿಬಾಡಿಯ ಚಿಕ್ಕ ತುಂಡಾದ ಲೈಟ್ ಚೈನನ್ನೂ ಹಿಡಿಯುತ್ತದೆ, ಲೈಟ್ ಚೈನು ಐಜಿಎಯಲ್ಲೂ ಇರುತ್ತದೆ. ನಾನು ಹಾಕಿದ ಆಂಟಿಬಾಡಿ ಯಾವುದು, ಇಲಿಯದೇ ಯಾವುದು ಅಂತ ಅದಕ್ಕೇನು ಗೊತ್ತು?

ಆಮೇಲೆ ಪಕ್ಕದ ಎಚ್ ಅಂಡ್ ಇ (ಸೆಲ್‌ಗಳ ಆಕಾರ ತೋರಿಸುವ ಮಾಮೂಲಿ ಬಣ್ಣ) ಸ್ಲೈಡನ್ನು 40ಎಕ್ಸ್‌ನಲ್ಲಿ ಇಟ್ಟು ನೋಡಿದೆ. ನಾಚಿಕೆಯಾಯಿತು. ನ್ಯೂಕ್ಲಿಯಸ್ ಒಂದು ಬದಿಗೆ ಸರಿದಿದೆ, ಒಳಗೆ ಗಾಡಿ ಚಕ್ರದ ಅರಗಳ ಹಾಗೆ ಗಟ್ಟಿ ಗಟ್ಟಿ ಚುಕ್ಕೆ. ಅಪ್ಪಟ ಪ್ಲಾಸ್ಮಾ ಸೆಲ್. ಟಿ ಸೆಲ್ ಹಾಗಿರುವುದಿಲ್ಲ. ದುಂಡಗಿನ ಕಪ್ಪು ನ್ಯೂಕ್ಲಿಯಸ್ಸೇ ಇಡೀ ಸೆಲ್ಲನ್ನು ತುಂಬಿಕೊಂಡಿರುತ್ತದೆ. ಆಕಾರ ನೋಡಿದ್ದರೇ ಸಾಕಿತ್ತು, ನಾನು ಸುಮ್ನೆ ಬಣ್ಣ ಎಣಿಸಿದ್ದೆ. ಸಂಖ್ಯೆ ನೋಡಿಯಾದರೂ ಅನುಮಾನ ಬರಬೇಕಿತ್ತು. ಕಣ್ಣು, ಬಾಯಿ ಒಣಗಿಸುವ ಶೋಗ್ರೆನ್ ಕಾಯಿಲೆಯ ಅಧ್ಯಯನಕ್ಕೆ ಬಳಸುವ ಎನ್‌ಒಡಿ ತಳಿಯ ಗಂಡಿಲಿಗಳಲ್ಲಾದರೆ ಈ ಗ್ರಂಥಿಗೆ ಲಿಂಫೋಸೈಟ್‌ಗಳು (ಟಿ ಸೆಲ್ ಸೇರಿದ ಬಿಳಿ ರಕ್ತಕಣಗಳು) ಗುಂಪುಗಟ್ಟಿ ನುಗ್ಗುತ್ತವೆ. ನಮ್ಮವು ಆರೋಗ್ಯವಾಗಿದ್ದ ಮಾಮೂಲಿ ಇಲಿಗಳು.

ಮೊಲದ ಆಂಟಿಬಾಡಿ ಬರಲು ಮೂರು ವಾರ ಹಿಡಿಯಿತು. ಈ ಸಲ ಸೆಕೆಂಡರಿಯೂ ಮೊಲದ ಆಂಟಿಬಾಡಿಯನ್ನು ಹಿಡಿಯುವಂಥದ್ದು. ಪ್ರೈಮರಿ ಹಾಕದ ಸ್ಲೈಡು ಪೂರ್ತಿ ನೀಲಿ, ಕಂದು ಇಲ್ಲವೇ ಇಲ್ಲ. ಹಾಕಿದ್ದರಲ್ಲಿ ಫೀಲ್ಡಿಗೆ ನಾಲ್ಕೋ ಐದೋ ಟಿ ಸೆಲ್, ಅಷ್ಟೇ.

ಹಳೆಯ ಲೆಕ್ಕದ ಪುಟ ನೋಟ್‌ಬುಕ್ಕಿನಲ್ಲಿ ಇನ್ನೂ ಇದೆ, ಅಡ್ಡಗೆರೆ ಹೊಡೆದು. ಹರಿದು ಹಾಕಲು ಮೇಡಂ ಬಿಡಲಿಲ್ಲ.